ಸಿಗ್ನಲ್‌ನಲ್ಲಿ ಕುದಿಯುವ ಎಂಜಿನ್ - ಒಂದು ಚಿಕ್ಕ ಇತಿಹಾಸ

ಹೈವೇಯಲ್ಲಿ ನೂರು ಕಿಲೋಮೀಟರ್ ವೇಗದಲ್ಲಿ ಓಡಿದರೂ ತಣ್ಣಗಿರುವ ಕಾರು, ಸಿಗ್ನಲ್‌ನಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತರೆ ಕುದಿಯುವುದೇಕೆ? ಕೆಲಸ ಮಾಡುವಾಗ ಬಿಸಿಯಾಗದ್ದು ಸುಮ್ಮನಿದ್ದಾಗ ಬಿಸಿಯಾಗುವುದು ಮೇಲ್ನೋಟಕ್ಕೆ ವಿಚಿತ್ರ. ಇದಕ್ಕೆ ಉತ್ತರ ನೂರಿಪ್ಪತ್ತು ವರ್ಷಕ್ಕೂ ಹಳೆಯದು.

ಎಂಜಿನ್ನಿನೊಳಗೆ ಉರಿಯುವ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಲೋಹದ ಗೋಡೆಗಳ ಮೂಲಕ ನೀರಿಗೆ ಬರುತ್ತದೆ. ಆ ನೀರನ್ನು ತಣಿಸಲೇಬೇಕು. 1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್‌ನ ಮೂರು ಚಕ್ರದ ಬಂಡಿಯಲ್ಲಿ ರೇಡಿಯೇಟರ್ ಅನ್ನುವುದೇ ಇರಲಿಲ್ಲ. ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಿತ್ತು, ಅಷ್ಟೆ! 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಅಂದರೆ ಸುಮಾರು ನೂರು ಕಿಲೋಮೀಟರ್, ಹೋದಾಗ ದಾರಿಯುದ್ದಕ್ಕೂ ನೀರು ಹುಡುಕುವುದೇ ದೊಡ್ಡ ಕೆಲಸವಾಗಿತ್ತು. ಇಂಧನವನ್ನಾದರೂ ವೀಸ್ಲಾಕ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ನೀರಿಗೆ ಸಿಕ್ಕಸಿಕ್ಕಲ್ಲಿ ನಿಲ್ಲಬೇಕಿತ್ತು.

ನಿಜವಾದ ಪರಿಹಾರ ಕೊಟ್ಟವನು ಡೈಮ್ಲರ್ ಕಂಪನಿಯ ವಿಲ್‌ಹೆಲ್ಮ್ ಮೈಬಾಖ್. 1900ರ ಕೊನೆಗೆ ತಯಾರಾದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗೆ ಆತ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 6 ಮಿ.ಮೀ. ಅಗಲದ 8,070 ಚೌಕ ಕೊಳವೆಗಳು! ಗಾಳಿಗೆ ತಗಲುವ ಮೈ ಅಷ್ಟು ಹೆಚ್ಚಿದ್ದರಿಂದ ಬರೀ 9 ಲೀಟರ್ ನೀರು ಸಾಕಾಯಿತು. ಆದರೆ ನನಗೆ ಇನ್ನೂ ಹಿಡಿಸಿದ್ದು ಅದರ ಹಿಂದೆ ಆತ ಇಟ್ಟ ಒಂದು ಫ್ಯಾನ್. ಕಾರು ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ನಿಧಾನವಾದಾಗ ಯಾರಾದರೂ ಎಳೆಯಬೇಕು. ಅಂದರೆ ನಮ್ಮ ಟ್ರಾಫಿಕ್ ಸಮಸ್ಯೆ ಆತನಿಗೆ ಆಗಲೇ ಗೊತ್ತಿತ್ತು :)

ಆಮೇಲಿನದ್ದೆಲ್ಲ ಒಂದೊಂದೇ ತೊಂದರೆಗೆ ಒಂದೊಂದೇ ತೇಪೆ. ಫೋರ್ಡ್ ಮಾಡೆಲ್ ಟಿ (1908-1927) ಮೊದಲ ಸುಮಾರು 2,500 ಕಾರುಗಳ ನಂತರ ನೀರಿನ ಪಂಪನ್ನೇ ಬಿಟ್ಟಿತು. ಬಿಸಿನೀರು ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ ಎಂಬ ನಿಯಮವೇ ಸಾಕೆಂದು. ಎಂಜಿನ್ ಶಕ್ತಿ ಹೆಚ್ಚಿದಂತೆ ಕಾರುಗಳಿಗೆ ಪಂಪ್ ಬೇಕೇ ಬೇಕಾಯಿತು. ನೀರು ಬೇಗ ಕುದಿಯದಿರಲಿ ಎಂದು ಬಿಗಿ ಮುಚ್ಚಳ ಬಂತು. ಇದು ನಮ್ಮ ಅಡುಗೆಮನೆಯ ಕುಕ್ಕರಿನ ತತ್ವವೇ: ಒಂದು ಬಾರ್‌ನಷ್ಟು ಒತ್ತಡ ಹೆಚ್ಚಾದರೆ ನೀರು 100ರ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬಾರದು ಅನ್ನುವುದೂ ಇದಕ್ಕೇ. ಒತ್ತಡ ಹೋದ ಕ್ಷಣ ಎಲ್ಲ ನೀರೂ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಆದರೆ ಫ್ಯಾನ್ ಮಾತ್ರ ದಶಕಗಳ ಕಾಲ ಎಂಜಿನ್ನಿನ ಬೆಲ್ಟಿಗೇ ಕಟ್ಟಿಕೊಂಡಿತ್ತು. ನಮ್ಮ ಅಂಬಾಸಿಡರ್, ಪದ್ಮಿನಿಗಳದ್ದೂ ಇದೇ ಪದ್ಧತಿ. ಇದರ ದೋಷ ನೋಡಿ: ಎಂಜಿನ್ ನಿಧಾನ ತಿರುಗಿದರೆ ಫ್ಯಾನೂ ನಿಧಾನ. ಬೇಕಾದಾಗ ಗಾಳಿ ಕಡಿಮೆ, ಬೇಡವಾದಾಗ ಜಾಸ್ತಿ! ಘಾಟಿ ಹತ್ತುವಾಗ ಅಂಬಾಸಿಡರ್ ನಿಲ್ಲಿಸಿ, ಬೋನೆಟ್ ಎತ್ತಿ, ಕೊಡ ಹಿಡಿದು ತೊರೆ ಹುಡುಕಿದ ಕಥೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದೆ.

ಈ ನಂಟು ಕಡಿದದ್ದು ಎಂಜಿನ್ನನ್ನು ಅಡ್ಡಡ್ಡ ಕೂರಿಸಲು ಶುರುಮಾಡಿದ ಮೇಲೆ. ಆಗ ಬೆಲ್ಟಿನ ತುದಿ ಕಾರಿನ ಪಕ್ಕಕ್ಕೆ ಮುಖ ಮಾಡುತ್ತದೆ, ಮುಂದಿರುವ ರೇಡಿಯೇಟರ್ ಫ್ಯಾನನ್ನು ಅದರಿಂದ ತಿರುಗಿಸುವುದು ಕಷ್ಟ. 1969ರ ಫಿಯಟ್ 128ರಲ್ಲಿ ಡಾಂಟೆ ಜಕೋಸಾ ಕರೆಂಟಿನ ಫ್ಯಾನ್ ಇಟ್ಟ. ನೀರು ಬಿಸಿಯಾದಾಗ ಮಾತ್ರ ತಿರುಗುವಂಥದ್ದು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಇದೇ ಕ್ರಮವನ್ನು ನಮ್ಮ ಬೀದಿಗಳಿಗೆ ತಂದಿತು. ಹಳೆಯ ದೋಷ ಹೋಯಿತು, ಆದರೆ ಹೊಸದೊಂದು ಬಂತು. ಈಗ ಫ್ಯೂಸ್, ರಿಲೇ, ಸೆನ್ಸರ್, ಮೋಟಾರ್ - ಇವುಗಳಲ್ಲಿ ಯಾವುದು ಕೈಕೊಟ್ಟರೂ ಹೈವೇಯಲ್ಲಿ ನಿಮಗೆ ಸುಳಿವೇ ಸಿಗುವುದಿಲ್ಲ.

ಈ ಇತಿಹಾಸ ಯಾಕೆ ಬೇಕು ಅಂದರೆ, ಕಳೆದ ಬೇಸಿಗೆಯಲ್ಲಿ ನನ್ನ ಹಳೇ ಕಾರಿನ ಮುಳ್ಳು ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಮೇಲೇರತೊಡಗಿತು. ರಸ್ತೆ ಖಾಲಿಯಾದ ಕೂಡಲೇ ಇಳಿಯುತ್ತಿತ್ತು. ಒಂದು ಗ್ಯಾರೇಜಿನವರು "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಸಾರ್" ಅಂದರು. ಗ್ಯಾಸ್ಕೆಟ್ ಹೋಗಿದ್ದರೆ ಕೂಲೆಂಟ್ ಕಡಿಮೆಯಾಗಬೇಕು, ಬಿಳಿ ಹೊಗೆಯೋ ಆಯಿಲ್‌ನಲ್ಲಿ ಹಾಲಿನಂಥ ಬಣ್ಣವೋ ಕಾಣಬೇಕು. ಯಾವುದೂ ಇರಲಿಲ್ಲ. ವೇಗದಲ್ಲಿ ತಣ್ಣಗಾಗುತ್ತದೆ ಅಂದರೆ ಪಂಪು, ಥರ್ಮೋಸ್ಟಾಟ್, ರೇಡಿಯೇಟರ್ ಬಹುಮಟ್ಟಿಗೆ ಸರಿಯಿವೆ ಎಂದೇ ಅರ್ಥ. ಉಳಿದಿದ್ದು ಮೈಬಾಖ್‌ನ ಫ್ಯಾನ್!

ಎಂಜಿನ್ ಆರಿದ ಮೇಲೆ ಕೂಲೆಂಟ್ ಮಟ್ಟ ನೋಡಿದೆ, ಸರಿಯಿತ್ತು. ಎಸಿ ಹಾಕಿದೆ, ಸಾಮಾನ್ಯವಾಗಿ ಆಗ ಫ್ಯಾನ್ ತಿರುಗಲೇಬೇಕು, ತಿರುಗಲಿಲ್ಲ. ಫ್ಯೂಸ್ ಚೆನ್ನಾಗಿತ್ತು. ಅದೇ ನಮೂನೆಯ ಹಾರನ್ ರಿಲೇ ತೆಗೆದು ಹಾಕಿದರೂ ಇಲ್ಲ. ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟರೂ ಮೋಟಾರ್ ಸುಮ್ಮನಿತ್ತು. ಕೋಲಿನಿಂದ ಮೆಲ್ಲಗೆ ತಟ್ಟಿದಾಗ ಗರ್ರನೆ ತಿರುಗಿತು. ಒಳಗಿನ ಕಾರ್ಬನ್ ಬ್ರಷ್ ಸವೆದಿತ್ತು. ಬೇರೆ ಮೋಟಾರ್ ಹಾಕಿಸಿದೆ, ಎಂಜಿನ್ ಬಿಚ್ಚುವುದು ತಪ್ಪಿತು.

ನಿಮಗೂ ಹೀಗಾದರೆ, ಮೊದಲು ಎಸಿ ಆರಿಸಿ, ಹೀಟರ್ ಪೂರ್ತಿ ತಿರುಗಿಸಿ (ಸೆಕೆಯಾಗುತ್ತದೆ, ಸಹಿಸಿಕೊಳ್ಳಿ!). ಅದೂ ಒಂದು ಚಿಕ್ಕ ರೇಡಿಯೇಟರೇ. ಮುಳ್ಳು ಇಳಿಯದಿದ್ದರೆ ಬದಿಗೆ ಹಾಕಿ ಆಫ್ ಮಾಡಿ. ಹಾಗೇ ಓಡಿಸಿದರೆ ಅಲ್ಯೂಮಿನಿಯಮ್ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ನಿಜವಾಗಿಯೂ ಹೋಗುತ್ತದೆ. ಫ್ಯಾನ್ ಹತ್ತಿರ ಕೈ ಹಾಕಬೇಡಿ, ಎಂಜಿನ್ ಆಫ್ ಆಗಿದ್ದರೂ ಕೆಲವು ಕಾರುಗಳಲ್ಲಿ ಅದು ತಟ್ಟನೆ ತಿರುಗಬಹುದು. ಮೆಕ್ಯಾನಿಕ್ ಹತ್ತಿರ ಹೋದಾಗ "ಬಿಸಿಯಾಗುತ್ತಿದೆ" ಎಂದಷ್ಟೇ ಹೇಳದೆ, "ನಿಂತಾಗ ಏರುತ್ತೆ, ಓಡಿದಾಗ ಇಳಿಯುತ್ತೆ" ಎಂದು ಹೇಳಿ. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಆಗುಂಬೆಯಲ್ಲೋ ಶಿರಾಡಿಯಲ್ಲೋ ಅಂಬಾಸಿಡರಿಗೆ ನೀರು ಕುಡಿಸಿದ ಕಥೆ ನಿಮ್ಮಲ್ಲಿದ್ದರೆ ದಯವಿಟ್ಟು ಬರೆಯಿರಿ, ಓದಲು ಕಾಯುತ್ತಿರುತ್ತೇನೆ.