ಅಕ್ಷರದ ಜೊತೆ ನೆಲ, ಕಸುಬು

1892ರಲ್ಲಿ ಕುದ್ಮುಲ್ ರಂಗರಾವ್ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಂತ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದ್ರು. ಇದನ್ನ ಎಲ್ಲರೂ ಹೇಳ್ತಾರೆ. ಅವರ ಶಾಲೆ ಕೇರಿಯ ಬದುಕಿಗೆ ಹೇಗೆ ಬೆಸೆದುಕೊಂಡಿತ್ತು ಅನ್ನೋದನ್ನ ಯಾರೂ ಹೇಳಲ್ಲ.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರುವಾಯ್ತು. ಅಕ್ಷರದ ಜೊತೆ ನೇಯ್ಗೆ, ಮರಗೆಲಸ ಕಲಿಸಿದರು. ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸಿದರು. ಯಾಕೆ? ಧಣಿಯ ನೆಲದಲ್ಲಿ ಗುಡಿಸಲು ಹಾಕಿದವರ ಮಗುವಿಗೆ ಬರೀ ಸ್ಲೇಟು ಕೊಟ್ಟರೆ ಸಾಲದು. ಧಣಿ ಕರೆದರೆ ಸ್ಲೇಟು ಕೆಳಗಿಟ್ಟು ಗದ್ದೆಗೆ ಇಳಿಯಲೇಬೇಕು.

ರಂಗರಾವ್ ಹೆಸರು ಉಳಿಯಿತು, ಉಳಿಯಲೇಬೇಕು. ಆದರೆ ಒಂದಾಳಿನ ಕೂಲಿ ಬಿಟ್ಟು ಮಗುವನ್ನ ಶಾಲೆಗೆ ಕಳಿಸಿದ ನಮ್ಮ ತಾಯಂದಿರ ಹೆಸರು ಯಾವ ಪಾಠದಲ್ಲಿದೆ?

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ನಮ್ಮ ಮಕ್ಕಳ ಸಂಖ್ಯೆಗೆ ತಕ್ಕ ಪಾಲು ನಮಗೆ ಸಿಗಬೇಕು. ನಾನು ಕಂಡ ಎಷ್ಟೋ ಊರಲ್ಲಿ ನಮ್ಮ ಹೆಂಗಸರ ಸಹಿ ಮನೆಗೇ ಬಂದು ಹಾಕಿಸಿಕೊಂಡು ಹೋಗ್ತಾರೆ, ಸಭೆಗೆ ಕರೆಯಲ್ಲ.

ಬಂಧುಗಳೇ, ಮುಂದಿನ ಎಸ್‌ಡಿಎಂಸಿ ಸಭೆಗೆ ಕರೆಯದಿದ್ದರೂ ಹೋಗಿ. ಕೇರಿಯ ಹಿರಿಯರನ್ನ ಕೇಳಿ ಕೇರಿಯ ಚರಿತ್ರೆ ಬರೆಯೋ ಕೆಲಸ ಮಕ್ಕಳಿಗೆ ಕೊಡಿ ಅಂತ ಮೇಷ್ಟ್ರಿಗೆ ಹೇಳಿ. ಆ ತಾಯಂದಿರ ಹೆಸರು ಅಲ್ಲೇ ಸಿಗುತ್ತೆ.

ಜೈ ಭೀಮ್.