ಅರಿವಿ ಮರೆಯ ದರದಿಂದ ಬಾಯಿಬಿಟ್ಟ ಮಾತಿಗೆ

ಧಾರವಾಡ ಜಿಲ್ಲೆ ನವಲಗುಂದ ತಾಲೂಕಿನ ಮೊರಬ ಎರಿ ಹೊಲಗಳ ಊರು. ಹೆಸರು, ಕಡಲೆ, ಹತ್ತಿ, ಉಳ್ಳಾಗಡ್ಡಿ ಬೆಳೆಯುವ ಇಲ್ಲಿನ ರೈತ ವರ್ಷವಿಡೀ ಯಾರದೋ ಮೇಜಿನ ಮುಂದೆ ನಿಲ್ಲಬೇಕು: ಅಡತಿ ಅಂಗಡಿ, ಸೊಸೈಟಿ, ಬ್ಯಾಂಕು, ರೈತ ಸಂಪರ್ಕ ಕೇಂದ್ರ. ಅಲ್ಲಿ ಕೂತವರು ಅವನೊಡನೆ ಮಾತಾಡುವ ರೀತಿ ನೂರು ವರ್ಷಗಳಲ್ಲಿ ಬಹಳ ಬದಲಾಗಿದೆ.

ಹಿಂದೆ ಪೇಟೆಯಲ್ಲಿ ದರ ಬಾಯಲ್ಲಿ ಬರುತ್ತಿರಲಿಲ್ಲ. ದಲಾಲಿ ಮತ್ತು ಖರೀದಿದಾರ ಅರಿವಿಯ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಿದ್ದರು. ಮಾಲಿನ ಒಡೆಯ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು. 1927ರ ಮುಂಬಯಿ ಹತ್ತಿ ಮಾರುಕಟ್ಟೆ ಕಾಯ್ದೆ, 1939ರ ಕೃಷಿ ಹುಟ್ಟುವಳಿ ಮಾರುಕಟ್ಟೆ ಕಾಯ್ದೆ, ಮುಂದೆ 1966ರ ಕರ್ನಾಟಕದ ಎಪಿಎಂಸಿ ಕಾಯ್ದೆ ಈ ವ್ಯಾಪಾರವನ್ನು ಬಯಲಿಗೆ ತಂದವು. ಎಲ್ಲರಿಗೂ ಕೇಳುವಂತೆ ಸವಾಲು ಕೂಗುವುದು ರೂಢಿಗೆ ಬಂತು.

ಇದೇ ಸೀಮೆಯಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಸಾಲ ಪಡೆಯುವವನೇ ಸಂಘದ ಸದಸ್ಯ. ಸಭೆಯಲ್ಲಿ ಎದ್ದು ಲೆಕ್ಕ ಕೇಳುವ ಹಕ್ಕು ಅವನಿಗೆ ಬಂತು. ಸಾಹುಕಾರನ ಜಗಲಿಯಲ್ಲಿ ಆ ಹಕ್ಕು ಇರಲಿಲ್ಲ.

ಸ್ವಾತಂತ್ರ್ಯದ ನಂತರ ಹೇಳುವವರು ಹೆಚ್ಚಾದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಕೃಷಿಯ ಮಾತನ್ನು ಮನೆಯೊಳಗೆ ತಂದಿತು. 1970ರ ದಶಕದ ಕೊನೆಗೆ ತರಬೇತಿ ಮತ್ತು ಭೇಟಿ ಪದ್ಧತಿ ಬಂದು, ಕೃಷಿ ಸಹಾಯಕರು ಗೊತ್ತಾದ ದಿನ ಹೊಲಕ್ಕೆ ಬರತೊಡಗಿದರು. ಆದರೆ ಮಾತು ಬಹುಪಾಲು ಮೇಲಿನಿಂದ ಕೆಳಗೆ ಹರಿಯುತ್ತಿತ್ತು. ಕೇಳುವ ಕಿವಿ ಇಲ್ಲದಿದ್ದರೆ ಏನಾಗುತ್ತದೆಂದು ನವಲಗುಂದ 1980ರ ಜುಲೈ 21ರಂದು ಕಂಡಿತು. ಮಲಪ್ರಭಾ ಅಚ್ಚುಕಟ್ಟಿನ ಬೆಟರ್‌ಮೆಂಟ್ ಲೆವಿ ಎಂಬ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಗಿ ಜೀವಗಳು ಹೋದವು. ಕರದ ಭಾರವೇ ಸಿಟ್ಟಿನ ಮೂಲ. ಆದರೆ ಅಹವಾಲನ್ನು ಹೊತ್ತಿಗೆ ಸರಿಯಾಗಿ ಕೇಳಿದ್ದರೆ ಮಾತು ಗುಂಡಿನವರೆಗೆ ಹೋಗಬೇಕಿರಲಿಲ್ಲ.

ಆಮೇಲಿನ ಬದಲಾವಣೆಗಳು ಬೇಗ ಬಂದವು. 2000ದಲ್ಲಿ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಯೋಜನೆ, 2004ರಲ್ಲಿ ರೈತನೇ ಪ್ರಶ್ನೆ ಕೇಳುವ ಕಿಸಾನ್ ಕಾಲ್ ಸೆಂಟರ್, 2012ರಲ್ಲಿ ಸರ್ಕಾರಿ ಕೆಲಸಕ್ಕೆ ಗಡುವು ಹಾಕುವ ಸಕಾಲ. ಸಕಾಲದ ಚೀಟಿ ಕೆಲಸ ಯಾವ ದಿನ ಆಗಬೇಕೆಂದು ಬರೆದು ಕೊಡುತ್ತದೆ. 'ನಾಳೆ ಬಾ' ಎನ್ನುವ ಹಳೇ ಉತ್ತರಕ್ಕೆ ಅದು ತಡೆ. 2014ರಿಂದ ಮಾರುಕಟ್ಟೆಯ ಟೆಂಡರ್ ಕೂಡ ಆನ್‌ಲೈನ್ ಆಗತೊಡಗಿತು.

ಇಷ್ಟಾದರೂ ಕೊನೆಯ ಮಾತು ಮನುಷ್ಯನೇ ಆಡಬೇಕು. ಬೆಂಬಲ ಬೆಲೆಯಲ್ಲಿ ಖರೀದಿಸುವ ಹೆಸರುಕಾಳಿನಲ್ಲಿ ತೇವಾಂಶ ಶೇ. 12 ದಾಟಬಾರದು. ಟ್ರ್ಯಾಕ್ಟರಿನಲ್ಲಿ ಚೀಲ ಹೇರಿಕೊಂಡು ಬಂದ ಹಿರಿಯನಿಗೆ "ನಡಿಯೂದಿಲ್ಲ, ಒಯ್ರಿ" ಎಂದರೆ ಅದು ನಿಯಮ ಹೇಳಿದ ಹಾಗಲ್ಲ, ಅವಮಾನ ಮಾಡಿದ ಹಾಗೆ. ಅದೇ ತೇವಾಂಶ ಅಳೆಯುವ ಮಷಿನ್ನನ್ನು ಅವನ ಕಡೆ ತಿರುಗಿಸಿ, "ಕಾಕಾರ, ಇಲ್ಲಿ ನೋಡ್ರಿ, ಹದಿನಾಕ ತೋರಸಾಕತ್ತೈತಿ. ಹನ್ನೆರಡರ ಒಳಗ ಇರಬೇಕ್ರಿ. ಎರಡು ದಿನ ಬಿಸಲಿಗೆ ಹಾಕಿ ತರ್ರಿ, ಮತ್ತ ಅಳದು ನೋಡೂಣು" ಎಂದರೆ? ಮಾಲು ಎರಡು ಸಲವೂ ಮನೆಗೆ ಮರಳುತ್ತದೆ. ಆದರೆ ಎರಡನೆಯ ಸಲ ಕಾರಣ, ಅಳತೆ, ಮುಂದಿನ ದಾರಿ ಮೂರೂ ರೈತನ ಕೈಯಲ್ಲಿರುತ್ತವೆ.

ಮೇಜಿನ ಆಚೆ ಕೂತ ಎಲ್ಲರಲ್ಲೂ ನನ್ನ ಕೇಳಿಕೆ ಇಷ್ಟೇ: ದರವಾಗಲಿ, ಬಡ್ಡಿಯಾಗಲಿ, ಇಲ್ಲ ಎನ್ನುವ ಉತ್ತರವೇ ಆಗಲಿ, ಕಾರಣ ಸಹಿತ ಅವನ ಭಾಷೆಯಲ್ಲಿ ಹೇಳಿರಿ, ಹೇಳಿದ ಮೇಲೆ ಅವನ ಮಾತನ್ನೂ ಕೇಳಿರಿ. ಪೇಟೆಯ ಅರಿವಿಯನ್ನು ಕಾಯ್ದೆ ತೆಗೆಯಿತು. ಮೇಜಿನ ಮೇಲಿನದನ್ನು ನೀವೇ ತೆಗೆಯಬೇಕು.