ಎಳೆಯ ಸಸಿಯ ಕಥೆ



ಬತ್ತ ಬೆಳೆಯುವ ನಮ್ಮೂರುಗಳಲ್ಲಿ ‘ಶ್ರೀ ಪದ್ಧತಿ’ಯ ಮಾತನ್ನು ನೀವು ಕೇಳಿಯೇ ಇದ್ದೀರಿ. ಕೆಲವರು ಮಾಡಿಯೂ ನೋಡಿದ್ದೀರಿ. ಎಳೆಯ ಸಸಿಯನ್ನು ಒಂದೊಂದಾಗಿ, ದೂರ ದೂರ ನೆಡುವ ಈ ಕ್ರಮ ಹುಟ್ಟಿದ್ದು ಯಾವುದೋ ದೊಡ್ಡ ಸಂಶೋಧನಾಲಯದಲ್ಲಿ ಅಂದುಕೊಂಡಿದ್ದೀರಾ? ಅಲ್ಲ. ಅದು ಹುಟ್ಟಿದ್ದು ಬಡ ರೈತರ ಗದ್ದೆಯಲ್ಲಿ, ಹಿಂದೂ ಮಹಾಸಾಗರದ ಆಚೆ ಇರುವ ಮಡಗಾಸ್ಕರ್ ಎಂಬ ದ್ವೀಪದಲ್ಲಿ.

ಅಲ್ಲಿಯ ಜನಕ್ಕೆ ಅನ್ನವೇ ಪ್ರಾಣ. ಅವರ ಭಾಷೆಯಲ್ಲಿ ಊಟ ಮಾಡುವುದಕ್ಕೆ ‘ಅನ್ನ ತಿನ್ನುವುದು’ ಎಂದೇ ಹೇಳುತ್ತಾರೆ. ಆದರೆ ಗದ್ದೆಯ ಫಸಲು ಎಕರೆಗೆ ಸುಮಾರು ೮ ಕ್ವಿಂಟಾಲು ಮಾತ್ರ. ಅದು ಸಾಲದೆ ಜನ ಗುಡ್ಡದ ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ಬತ್ತ ಬಿತ್ತುತ್ತಿದ್ದರು. ಎರಡು ಮೂರು ಬೆಳೆಯಲ್ಲಿ ಮಣ್ಣಿನ ಸಾರ ಹೋಗುತ್ತಿತ್ತು. ಮತ್ತೆ ಹೊಸ ಕಾಡಿಗೆ ಕೊಡಲಿ.

೧೯೬೦ರಲ್ಲಿ ಆ ದೇಶ ಫ್ರೆಂಚರ ಆಳ್ವಿಕೆಯಿಂದ ಸ್ವತಂತ್ರವಾಯಿತು. ಮರುವರ್ಷವೇ, ೧೯೬೧ರಲ್ಲಿ, ಹೆನ್ರಿ ದ ಲೊಲಾನಿಯೆ ಎಂಬ ಫ್ರೆಂಚ್ ಪಾದ್ರಿ ಅಲ್ಲಿಗೆ ಬಂದರು. ಪಾದ್ರಿಯಾಗುವ ಮೊದಲು ಅವರು ಪ್ಯಾರಿಸಿನಲ್ಲಿ ಬೇಸಾಯಶಾಸ್ತ್ರ ಓದಿದವರು. ಸಂಬಳದ ಆಸೆಗೆ ಬಂದವರಲ್ಲ. ೧೯೯೫ರಲ್ಲಿ ತೀರಿಕೊಳ್ಳುವ ತನಕ ಆ ನೆಲದಲ್ಲೇ ಉಳಿದರು.

ಇಷ್ಟು ಓದಿದವರು ಬಂದೊಡನೆ ಉಪದೇಶ ಶುರುಮಾಡಿದರೇ? ಇಲ್ಲ, ನೋಡಿ. ಹೊಸ ಬೀಜ, ಮೂಟೆ ಗೊಬ್ಬರ ಕೊಳ್ಳುವ ಶಕ್ತಿ ಆ ರೈತರಿಗೆ ಇರಲಿಲ್ಲ. ಇರುವ ಬೀಜ, ಇರುವ ನೀರು, ಇರುವ ಮಣ್ಣು, ಇಷ್ಟರಲ್ಲೇ ಏನು ಮಾಡಬಹುದು ಎಂದು ಅವರು ಬದುವಿನ ಮೇಲೆ ನಿಂತು ವರ್ಷಗಟ್ಟಲೆ ನೋಡಿದರು. ಕೆಲವು ರೈತರು ಹಿಡಿ ಹಿಡಿಯಾಗಿ ನೆಡದೆ ಒಂದೊಂದೇ ಸಸಿ ನೆಡುತ್ತಿದ್ದರು. ಇನ್ನು ಕೆಲವರು ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಆಗಾಗ ಬಸಿಯುತ್ತಿದ್ದರು. ಎರಡೂ ಕಡೆ ಪೈರು ಚೆನ್ನಾಗಿತ್ತು. ಪಾದ್ರಿಗಳು ಎರಡನ್ನೂ ಕಲಿತರು.

೧೯೮೧ರಲ್ಲಿ ಅಂತ್ಸಿರಾಬೆ ಊರಿನಲ್ಲಿ ರೈತ ಹುಡುಗರಿಗಾಗಿ ಒಂದು ಶಾಲೆ ತೆರೆದರು. ೧೯೮೩ರ ಹಂಗಾಮಿನಲ್ಲಿ ಮಳೆ ಕೈಕೊಟ್ಟು ಕಾಲ ತಪ್ಪಿತು. ಸಸಿ ಬಲಿಯುವ ತನಕ ಕಾಯುವಂತಿರಲಿಲ್ಲ. ವಿಧಿಯಿಲ್ಲದೆ ಹದಿನೈದೇ ದಿನದ ಸಸಿ ಕಿತ್ತು, ಉದ್ದಕ್ಕೂ ಅಡ್ಡಕ್ಕೂ ಹತ್ತು ಅಂಗುಲ ಬಿಟ್ಟು ನೆಟ್ಟರು. ಇಷ್ಟು ಎಳೆಯದು ಉಳಿದೀತೇ? ಉಳಿಯಿತು, ಉಳಿದದ್ದು ಮಾತ್ರವಲ್ಲ, ಒಂದೊಂದು ಬುಡವೂ ಎಂದೂ ಕಾಣದಷ್ಟು ತೆಂಡೆ ಒಡೆಯಿತು. ಮುಂದೆ ಹನ್ನೆರಡು, ಹತ್ತು, ಎಂಟು ದಿನದ ಸಸಿಯನ್ನೂ ನೆಟ್ಟು ಪರೀಕ್ಷಿಸಿದರು.

ಕಾರಣ ಇಷ್ಟೆ. ಎಳೆಯ ಸಸಿಯನ್ನು ಬೇರು ನೋಯಿಸದೆ ಕಿತ್ತು ಬೇಗ ನೆಟ್ಟರೆ ಬೇಗ ಕಚ್ಚಿಕೊಂಡು ಹೆಚ್ಚು ತೆಂಡೆ ಹೊರಡಿಸುತ್ತದೆ. ದೂರ ನೆಟ್ಟರೆ ಬಿಸಿಲೂ ಸಾರವೂ ಸಿಗುತ್ತವೆ. ನೀರು ಸದಾ ನಿಂತರೆ ಬೇರಿಗೆ ಗಾಳಿಯಿಲ್ಲ. ನೀರು ಬಸಿದರೆ ಬೇರು ಉಸಿರಾಡುತ್ತದೆ. ಮೊದಲು ರಾಸಾಯನಿಕ ಗೊಬ್ಬರ ಹಾಕಿದ್ದರು. ಅದು ದುಬಾರಿಯಾದಾಗ ಕಾಂಪೋಸ್ಟಿಗೆ ತಿರುಗಿದರು, ಬೆಳೆ ಕುಗ್ಗಲಿಲ್ಲ.

೧೯೯೦ರಲ್ಲಿ ಊರ ಗೆಳೆಯರೊಡನೆ ‘ತೆಫಿ ಸೈನ’ ಎಂಬ ಸಂಘ ಕಟ್ಟಿದರು. ಬುದ್ಧಿಯನ್ನು ತಿದ್ದುವುದು ಎಂಬುದು ಆ ಹೆಸರಿನ ಭಾವ. ೧೯೯೪ರಿಂದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಕೈಜೋಡಿಸಿದರು. ಗದ್ದೆಯಲ್ಲಿ ಬತ್ತ ಹೆಚ್ಚಾದರೆ ರಾನೊಮಫಾನದ ಕಾಡು ಉಳಿದೀತು ಎಂಬುದು ಅವರ ಉದ್ದೇಶ. ೨೦೦೦ದ ಸುಮಾರಿಗೆ ಈ ಕ್ರಮ ತಮಿಳುನಾಡಿಗೆ ಬಂತು. ಆಮೇಲೆ ಆಂಧ್ರಕ್ಕೆ, ನಮ್ಮ ಕರ್ನಾಟಕಕ್ಕೂ ಬಂತು.

ಇನ್ನು ಮುಚ್ಚಿಡದೆ ಒಂದು ಮಾತು. ಇಳುವರಿಯ ದೊಡ್ಡ ದೊಡ್ಡ ಲೆಕ್ಕಗಳನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಮಡಗಾಸ್ಕರಿನಲ್ಲೇ ಎಷ್ಟೋ ರೈತರು ಒಂದೆರಡು ವರ್ಷ ಮಾಡಿ ಬಿಟ್ಟರು. ಸೋಮಾರಿತನದಿಂದಲ್ಲ. ನೀರು ನಿಲ್ಲದ ಗದ್ದೆಯಲ್ಲಿ ಕಳೆ ಜಾಸ್ತಿ. ಎಳೆಯ ಸಸಿ ನೆಡಲು ತಾಳ್ಮೆಯ ಕೈ ಬೇಕು. ಅದೇ ಹೊತ್ತಿಗೆ ಬಡವನ ಮನೆಯಲ್ಲಿ ಕಾಳು ಮುಗಿದಿರುತ್ತದೆ. ಅವನು ಕೂಲಿಗೆ ಹೋಗಬೇಕೋ, ತನ್ನ ಗದ್ದೆಯ ಕಳೆ ತೆಗೆಯಬೇಕೋ? ಕಾಸು ಬೇಡದ ಪದ್ಧತಿಯೂ ಮೈದುಡಿಮೆಯನ್ನು ಬೇಡುತ್ತದೆ. ಸಲಹೆ ಕೊಡಲು ಬಂದವರು ಗದ್ದೆಯ ಜೊತೆಗೆ ಅಡುಗೆಮನೆಯ ಮಡಕೆಯನ್ನೂ ನೋಡಬೇಕು.

ದೂರದ ಮಾತು ಬೇಡ. ನಮ್ಮ ಹಾವೇರಿ ಸೀಮೆಯ ರೈತರು ಹಿಂದಿನಿಂದಲೂ ಚೌಕದ ಅಂತರದಲ್ಲಿ ‘ಗುಳಿ ರಾಗಿ’ ನೆಟ್ಟು ಬೆಳೆದಿದ್ದಾರೆ. ಅಗಲಕ್ಕೆ ನೆಟ್ಟರೆ ಪೈರು ಹರಡುತ್ತದೆ ಎಂಬ ಗುಟ್ಟು ಅವರಿಗೂ ಗೊತ್ತಿತ್ತು.

ಆದ್ದರಿಂದ, ಅಣ್ಣಂದಿರಾ, ತಾಯಂದಿರಾ, ನಾಳೆ ನಿಮ್ಮ ಬದುವಿಗೆ ಯಾರಾದರೂ ತಜ್ಞರು ಬಂದರೆ ಅವರ ಮಾತು ಕೇಳಿ. ನಿಮ್ಮ ಅನುಭವವನ್ನೂ ಸಂಕೋಚವಿಲ್ಲದೆ ಹೇಳಿ. ಹೊಸದನ್ನು ಮೊದಲು ಒಂದು ಗುಂಟೆಯಲ್ಲಿ ಮಾಡಿ. ಕಳೆ ತೆಗೆಯುವ ಆಳು ಎಷ್ಟು, ಕಾಳು ಎಷ್ಟು ಎಂದು ಮನೆಮಂದಿ ಕೂತು ಲೆಕ್ಕ ಹಾಕಿ. ಲೆಕ್ಕ ಸರಿಹೋದರೆ ಮುಂದಿನ ವರ್ಷ ಹೆಚ್ಚು ಗದ್ದೆಗೆ ಹಬ್ಬಿಸಿ.